ಕೋವಿಯ ಎರಡನೆಯ ತುಂಡು

ನಮ್ಮವರಿಗೆ ಒಂದು ಹಾಳು ಅಭ್ಯಾಸವಿತ್ತು. ಕಬ್ಬಿಣ ಕಡೆಯುವ ಲೇತಿನಲ್ಲಿ ಏನೇ ಮಾಡಿದರೂ ಎರಡು ಮಾಡುವುದು. ಒಂದು ಗಿರಾಕಿಗೆ, ಇನ್ನೊಂದು ಅಳತೆಗಿರಲಿ ಎಂದು ಮನೆಗೆ. ಊರಲ್ಲಿ ಮೀನಿನ ಬೋಟುಗಳ ಇಂಜಿನ್ ರಿಪೇರಿ ಮಾಡುವಾಗ ಕಲಿತದ್ದು, ಕತಾರಿನ ದೋಹಾಕ್ಕೆ ಬಂದರೂ ಬಿಡಲಿಲ್ಲ. ಬಿನ್ ಒಮ್ರಾನ್‌ನ ನಮ್ಮ ಒಂದೇ ಕೋಣೆಯ ಮನೆಯಲ್ಲಿ ಮಂಚದ ಕೆಳಗೆಲ್ಲ ಹಾಲಿನಪುಡಿಯ ಡಬ್ಬಿಗಳು, ಅವುಗಳ ತುಂಬ ಕಬ್ಬಿಣದ ಚೂರುಗಳು. ಗುಡಿಸಲು ಬಗ್ಗಿದಾಗಲೆಲ್ಲ ನಾನು ಬೈಯುತ್ತಿದ್ದೆ.

ತೊಂಬತ್ತರ ದಶಕದ ನಡುವಿನ ಒಂದು ಚಳಿಗಾಲ. ವರ್ಕ್‌ಶಾಪಿನ ಅರಬ್ಬಿ ಧಣಿಯ ತಮ್ಮ ತನ್ನ ಬೇಟೆಯ ಕೋವಿ ತಂದ. ಒಳಗಿನ ಒಂದು ತುಂಡು ಸವೆದಿತ್ತು. ಹೊರಗಿನಿಂದ ತರಿಸಲು ತಿಂಗಳುಗಟ್ಟಲೆ ಬೇಕು, "ಯಲ್ಲಾ, ಬೇಗ ನೀನೇ ಮಾಡು" ಎಂದನಂತೆ. ಧಣಿಯ ತಮ್ಮನಿಗೆ ಇಲ್ಲ ಎನ್ನಲು ಇವರಿಗೆ ಎಲ್ಲಿಯ ಧೈರ್ಯ! ಮಾಡಿಕೊಟ್ಟರು. ಎಂದಿನಂತೆ ಎರಡು ಮಾಡಿದರು.

ವಾರದೊಳಗೆ ಪೊಲೀಸರು ಇವರನ್ನು ಕರೆದೊಯ್ದರು. ಇವರು ಮಾಡಿದ ತುಂಡು ಹಾಕಿದ ಮೇಲೆ, ಒಮ್ಮೆ ಒತ್ತಿದರೆ ಒಂದೇ ಗುಂಡು ಹಾರಬೇಕಾದ ಕೋವಿ ಮರುಭೂಮಿಯಲ್ಲಿ ಸಾಲಾಗಿ ಗುಂಡು ಹಾರಿಸಿತ್ತು. ಪುಣ್ಯಕ್ಕೆ ಯಾರಿಗೂ ತಗುಲಲಿಲ್ಲ; ಆದರೆ ಇವರು ಬೇಕೆಂದೇ ಹಾಗೆ ಮಾಡಿದರೆಂದು ಅನುಮಾನ.

ಮೂರು ದಿನ ಅನ್ನ ಬಿಟ್ಟು ಹುಚ್ಚಿಯ ಹಾಗೆ ಅಲೆದೆ. ನಮ್ಮೂರಿನ ಯಾರ ಬಾಗಿಲು ಬಡಿದರೂ, "ಕೋವಿ ಕೇಸಾ? ನಮ್ಮನ್ನು ಬಿಟ್ಟುಬಿಡಿ ಅಕ್ಕ" ಎಂದೇ ಉತ್ತರ. ನಾಲ್ಕನೆಯ ದಿನ ಬೆಳಿಗ್ಗೆ, ಬುದ್ಧಿಗೆಟ್ಟ ನನಗೆ ಒಂದು ದಾರಿ ಹೊಳೆಯಿತು. ಇವರು ಕಳ್ಳ ಕೆಲಸ ಮಾಡಿದ್ದರೆ ಅದರ ಜೋಡಿಯನ್ನು ಮನೆಯಲ್ಲಿ ಇಡುತ್ತಿದ್ದರೇ? ಇದು ಬರೀ ಅಭ್ಯಾಸ ಎಂದು ತೋರಿಸಿದರೆ ಬಿಟ್ಟಾರು ಎಂದುಕೊಂಡೆ. ಡಬ್ಬಿ ಕೆದಕಿ ತುಂಡನ್ನು ಹುಡುಕಿ, ಕರ್ಚೀಫಿನಲ್ಲಿ ಕಟ್ಟಿಕೊಂಡು ಠಾಣೆಗೆ ಓಡಿದೆ. ಯಾರೂ ಕೇಳುವ ಮೊದಲೇ ಅಧಿಕಾರಿಯ ಮೇಜಿನ ಮೇಲೆ ಬಿಚ್ಚಿಟ್ಟೆ.

ಅಲ್ಲಿದ್ದ ದುಭಾಷಿ ಕಾಸರಗೋಡಿನವರು, ಕನ್ನಡ ಬರುತ್ತಿತ್ತು. ಅವರ ಮುಖ ಬಿಳಿಚಿಹೋಯಿತು.

"ಎಂತ ಮಾಡಿದಿರಿ ಅಕ್ಕ! ಆ ಕೋವಿಗೆ ಲೈಸೆನ್ಸ್ ಉಂಟು. ತುಂಡು ಬದಲಿಸಲು ಹೇಳಿದ್ದು ತಾನೇ ಅಂತ ಧಣಿಯ ತಮ್ಮ ಒಪ್ಪಿದ್ದಾನೆ. ನಾಳೆ ಸಹಿ ಹಾಕಿಸಿ ನಿಮ್ಮವರನ್ನು ಬಿಡುವವರಿದ್ದರು. ಈ ತುಂಡಿಗೆ ಕೋವಿ ಎಲ್ಲಿ, ಕಾಗದ ಎಲ್ಲಿ? ಮಾಫಿ, ಎಂತದೂ ಇಲ್ಲ! ಇದನ್ನು ಇಟ್ಟುಕೊಂಡದ್ದೇ ಬೇರೆ ಕೇಸು."

ಅಧಿಕಾರಿ ನನ್ನನ್ನೇ ನೋಡುತ್ತ ಏನೋ ಕೇಳಿದ. ದುಭಾಷಿ ದನಿ ತಗ್ಗಿಸಿದರು: "ಇದು ಯಾರದ್ದು ಅಂತ ಕೇಳ್ತಾ ಇದ್ದಾರೆ. ಯಾರ ಕೈಯಲ್ಲಿ ಸಿಕ್ಕಿತೋ ಅವರ ಮೇಲೆ ಕೇಸು."

 ಅಷ್ಟರಲ್ಲಿ ಇವರನ್ನು ಒಳಗಿನಿಂದ ಕರೆತಂದರು. ಮೇಜನ್ನು ನೋಡಿದರು, ನನ್ನನ್ನು ನೋಡಿದರು. ಬೈಯಲಿ, ದೇವರೇ, ಕೆನ್ನೆಗೆ ಬಾರಿಸಲಿ ಎಂದು ಬೇಡಿಕೊಂಡೆ.

"ನನ್ನದು ಸಾರ್" ಎಂದರು. "ತರಲು ಹೇಳಿದ್ದು ನಾನೇ. ಅವಳಿಗೆ ಎಂತದೂ ಗೊತ್ತಿಲ್ಲ."

ಆ ಒಂದು ಮಾತಿಗೆ ಎಂಟು ತಿಂಗಳು ಜೈಲು, ಆಮೇಲೆ ಗಡೀಪಾರು. ಅಂದು ಪೊಲೀಸಿನವನು ತೋಳು ಹಿಡಿದು ಒಳಗೆ ಕರೆದೊಯ್ಯುವಾಗ ಬಾಗಿಲಲ್ಲಿ ಒಮ್ಮೆ ನಿಂತು, "ಎಂತಾದರೂ ತಿಂದಿದ್ದೀಯಾ ಮಾರಾಯ್ತಿ?" ಎಂದು ಕೇಳಿದರು. ಹೂಂ ಎಂದೆ.