ತೀರದ ಹರಕೆಯ ಕಾಯಿ

ನಾನು ಚಿಕ್ಕವನಿದ್ದಾಗ, ಹಾಲ್ಕುರಿಕೆ ಕಡೆಯ ನಮ್ಮೂರಿನಲ್ಲಿ ತೆಂಗಿನಕಾಯಿ ವರ್ಷವಿಡೀ ಅಟ್ಟದ ಮೇಲೆ ಮಲಗಿರುತ್ತಿತ್ತು. ಕೆಳಗಿನ ಒಲೆಯ ಹೊಗೆ ತಾಗಿ ತಾಗಿ ನೀರೆಲ್ಲ ಇಂಗಿದ ಮೇಲೆ, ಕಾಯಿ ಅಲ್ಲಾಡಿಸಿದರೆ ಒಳಗೆ ಗಡಗಡ ಸದ್ದು. ಸದ್ದು ಬಂತೆಂದರೆ ಕೊಬ್ಬರಿ ಆಯಿತೆಂದೇ ಅರ್ಥ. ಅದನ್ನು ಇಳಿಸುವ ದಿನ ನಮಗೆ ಹಬ್ಬ. ಆದರೆ ಆ ವರ್ಷ ನಮಗೆ ಯಾವ ಹಬ್ಬವೂ ಬೇಕಿರಲಿಲ್ಲ. ಹಿಂದಿನ ವರ್ಷ ಅವ್ವ ತೀರಿಹೋಗಿದ್ದಳು.

ಅವ್ವ ಹಾಸಿಗೆ ಹಿಡಿದಾಗ, ಹೈಸ್ಕೂಲಿನಲ್ಲಿದ್ದ ಅಣ್ಣ ಒಂದು ಕಾಯಿಗೆ ಅರಿಶಿನ ಬಳಿದು, ಬಟ್ಟೆಯಲ್ಲಿ ಕಟ್ಟಿ ದೇವರ ಮನೆಯಲ್ಲಿ ತೂಗುಹಾಕಿದ್ದ. ಅವ್ವ ಎದ್ದು ಓಡಾಡಿದರೆ ಗುಡಿಯಲ್ಲಿ ಒಡೆಯುತ್ತೇನೆಂದು ಹರಕೆ. ಅವ್ವ ಏಳಲಿಲ್ಲ. ಅವತ್ತಿನಿಂದ ಅಣ್ಣ ದೇವರಿಗೆ ಕೈಮುಗಿಯಲಿಲ್ಲ, ಸ್ಕೂಲಿಗೆ ಹೋಗಲಿಲ್ಲ, ಅಪ್ಪನ ಜೊತೆ ಮಾತೂ ಬಿಟ್ಟ. ಅಕ್ಕ ಇಟ್ಟ ಮುದ್ದೆಯನ್ನು ಅರ್ಧಕ್ಕೇ ಬಿಟ್ಟು ಏಳುತ್ತಿದ್ದ. ಅಪ್ಪನೋ, ಬೆಳಗಾಗೆದ್ದು ದೇವರ ಮುಂದೆ ಒಬ್ಬನೇ ಕೂತು, ದೀಪ ಹಚ್ಚಿ, ತೋಟಕ್ಕೆ ಹೋಗಿಬಿಡುತ್ತಿದ್ದ. ಮನೆಯೊಳಗೆ ಕಾಲಿಡಲೇ ನನಗೆ ಬೇಜಾರಾಗುತ್ತಿತ್ತು.

ಕಾಯಿ ಇಳಿಸುವ ದಿನ ಅಪ್ಪ ಅಟ್ಟದಿಂದ ಉರುಳಿಸುತ್ತಿದ್ದ, ಅಕ್ಕ ಮತ್ತು ನಾನು ರಾಶಿ ಹಾಕುತ್ತಿದ್ದೆವು. ಮೂಗಿನ ತುಂಬ ಮಸಿ, ಸಿಪ್ಪೆಯ ಧೂಳು. ಇದ್ದಕ್ಕಿದ್ದಂತೆ ಅಣ್ಣ ದೇವರ ಮನೆಗೆ ನುಗ್ಗಿ, ಹರಕೆಯ ಗಂಟು ಕಿತ್ತುತಂದು ರಾಶಿಗೆ ಎಸೆದ.

"ಇದನ್ನೂ ಮಂಡಿಗೆ ಹಾಕಿ ಮಾರ್ಬುಡಿ. ಆ ದೇವ್ರಿಗ್ಯಾಕೆ ಇಕ್ಕಂಡಿರ್ಬೇಕು?"

"ಅಯ್ಯಯ್ಯೋ, ಬಿಡ್ತು ಅನ್ನೋ!" ಎಂದಳು ಅಕ್ಕ.

ಅಪ್ಪ ಏಣಿ ಇಳಿದು ಬಂದ. ಏಟು ಬಿತ್ತು ಅಂದುಕೊಂಡು ನಾನು ಕಂಬದ ಹಿಂದೆ ಸರಿದೆ. ಅಪ್ಪ ಹೊಡೆಯಲಿಲ್ಲ. ಗಂಟನ್ನು ಮಡಿಲಲ್ಲಿಟ್ಟುಕೊಂಡು ಅಲ್ಲೇ ಕೂತುಬಿಟ್ಟ.

"ನಿಂಗೊಬ್ನಿಗೇ ಸಿಟ್ಟು ಅನ್ಕಂಡಿದ್ಯೇನ್ಲಾ? ನಾನೂ ದಿನಾ ದೇವ್ರ ಜೊತೆ ಜಗಳ ಆಡ್ತೀನಿ ಕಣ್ಲಾ. ಆಡಿ, ಅತ್ತು, ಆಮ್ಯಾಕೆ ದೀಪ ಹಚ್ತೀನಿ. ಇನ್ಯಾರ ಹತ್ರ ಹೋಗಿ ಅಳ್ಲಿ?"

ಅಣ್ಣ ನಿಂತಲ್ಲೇ ನಿಂತು, "ನನ್ನತ್ರ ಅಳ್ಬೋದಿತ್ತಲ್ಲಪ್ಪ" ಅಂದ.

ಅಪ್ಪ ಗಂಟನ್ನು ಪಕ್ಕಕ್ಕಿಟ್ಟ. ಕೈ ಚಾಚಿದ. ಅಣ್ಣ ಅವನ ಪಕ್ಕ ಕೂತು, ಹೆಗಲ ಮೇಲೆ ಮುಖವಿಟ್ಟು ಗೊಳೋ ಎಂದು ಅತ್ತ. ನಾವೂ ಅತ್ತೆವು.

ಸಂಜೆ ನಾಲ್ವರೂ ಗುಡಿಗೆ ಹೋದೆವು. ತೀರದ ಹರಕೆಯ ಕಾಯಿ ಒಡೆಯಬಹುದೋ ಬಾರದೋ, ಅಪ್ಪನಿಗೂ ಗೊತ್ತಿರಲಿಲ್ಲ. "ಅವ್ವನ ಹೆಸ್ರಲ್ಲಿ ಒಡೀರಪ್ಪ, ಬ್ಯಾಡ ಅನ್ನಾಕೆ ನಾನ್ಯಾರು?" ಎಂದರು ಪೂಜಾರಪ್ಪ. ಅಪ್ಪ ಸಿಪ್ಪೆ ಸುಲಿದುಕೊಟ್ಟ, ಅಣ್ಣ ಒಡೆದ. ಅದೂ ಒಣಗಿ ಕೊಬ್ಬರಿಯಾಗಿತ್ತು. ಬೆಲ್ಲದ ಜೊತೆ ಹಂಚಿಕೊಂಡು ತಿಂದೆವು. ಅಣ್ಣ ವರ್ಷದ ಮೇಲೆ ಕೈಮುಗಿದ. ಮುಂದಿನ ವಾರ ಚೀಲ ಹೆಗಲಿಗೆ ಹಾಕಿಕೊಂಡು ಸ್ಕೂಲಿಗೂ ಹೊರಟ. ಬೆಳಗಿನ ದೀಪಕ್ಕೆ ಅಪ್ಪನ ಪಕ್ಕ ಅವನೂ ಕೂರತೊಡಗಿದ.

ಆದರೂ ಅಪ್ಪ ಕೊನೆಯವರೆಗೂ, "ಸುಮ್ನೆ ಬುಟ್ರೆ ಸರಿಹೋಯ್ತಾನೆ ಅನ್ಕಂಡೆ. ಒಂದು ವರ್ಷ ಮಗನ್ನ ಒಂಟಿ ಮಾಡ್ಬುಟ್ಟೆ" ಎಂದು ಕೊರಗುತ್ತಿದ್ದ.

ಮಕ್ಕಳೇ, ಈಗ ನಿಮಗೆಲ್ಲ ಬೇರೆ ಬೇರೆ ಕೋಣೆ, ಕೈಗೊಂದು ಫೋನು. ನನ್ನದೇನೂ ತಕರಾರಿಲ್ಲ. ಆದರೆ ಊಟಕ್ಕೂ ಬರದೆ ನೀವು ಬಾಗಿಲು ಹಾಕಿಕೊಂಡ ದಿನ ಈ ತಾತ ಬಂದು ಬಡಿಯುತ್ತಾನೆ. "ಏನ್ ತಾತ ನಿನ್ ಗೋಳು" ಎಂದು ಬೈದುಕೊಳ್ಳಿ, ಪರವಾಗಿಲ್ಲ. ನೀವು ತೆಗೆಯುವವರೆಗೆ ಬಡಿಯುತ್ತಲೇ ಇರುತ್ತೇನೆ.