ಮೋಟರ್ ಮನೆಯ ಹಾರ್ಮೋನಿಯಂ

ಬೆಳಿಗ್ಗೆ ಮಿಕ್ಸಿಗೆ ಚಟ್ನಿ ಹಾಕಿ, ಶಿವನ ಹಾಡೊಂದನ್ನು ಹೇಳಿಕೊಳ್ಳುತ್ತಿದ್ದೆ. ಕರೆಂಟ್ ಹೋಯಿತು. ಮಿಕ್ಸಿಯ ಜೊತೆ ನನ್ನ ಬಾಯೂ ನಿಂತಿತು. ನಗಬೇಡಿ, ಇದು ಇಪ್ಪತ್ತೆಂಟು ವರ್ಷದ ಅಭ್ಯಾಸ.

ನಮ್ಮಪ್ಪ ಕವಲಂದೆ ಕಡೆಯ ಹಳ್ಳಿಗಳಲ್ಲಿ ನಾಟಕ ಕಲಿಸುತ್ತಿದ್ದ ಮೇಷ್ಟ್ರು. ಬನ್ನೂರಿನ ಹತ್ತಿರಕ್ಕೆ ನನ್ನನ್ನು ಕೊಟ್ಟಾಗ, ಬೀರು ಕೊಡಲಾಗದೆ ತಮ್ಮ ಹಳೇ ಹಾರ್ಮೋನಿಯಂ ಕೊಟ್ಟರು. ಅತ್ತೆ ಅದನ್ನು ಹೊಸ್ತಿಲಲ್ಲೇ ತಡೆದರು.

“ನಾಟಕದ ಪೆಟ್ಗೆ ನಮ್ಮನೇಲಿ ಬಾರ್ಸುದ್ರೆ ಊರೋರು ಏನಂದಾರು? ಇದ್ರ ಸದ್ದು ಕಿವಿಗೆ ಬಿದ್ದ ದಿನ ನಾಲೆಗೆ ಎಸಿತೀನಿ, ತಿಳ್ಕೊ.”

ಎಸೆಯುವವರೇ. ನಮ್ಮ ಯಜಮಾನರ ಇಸ್ಪೀಟ್ ಎಲೆಗಳನ್ನು ಒಲೆಗೆ ಹಾಕಿ, ಅದೇ ಉರಿಯಲ್ಲಿ ಮುದ್ದೆಗೆ ಎಸರು ಕಾಯಿಸಿದವರು.

ಆದರೆ ಹಾಡದೆ ಇರುವುದು ನನಗೆ ಬರಲಿಲ್ಲ. ಯಜಮಾನರು ಪೆಟ್ಟಿಗೆಗೆ ಗೋಣಿಚೀಲ ಹೊದಿಸಿ, ಸೈಕಲ್ಲಿನಲ್ಲಿ ಗದ್ದೆಯ ಮೋಟರ್ ಮನೆಗೆ ಸಾಗಿಸಿದರು. ಮೋಟರ್ ಓಡುವಷ್ಟು ಹೊತ್ತು ಎಷ್ಟು ಗಟ್ಟಿಯಾಗಿ ಹಾಡಿದರೂ ಹೊರಗೆ ಕೇಳದು ಎಂದು ನಮ್ಮ ಲೆಕ್ಕಾಚಾರ. ಗದ್ದೆಗೆ ನೀರು ಬಿಡಲು ಸೊಸೆ ತಾನೇ ಓಡುತ್ತಾಳೆ ಎಂದು ಅತ್ತೆ ಊರೆಲ್ಲ ಹೊಗಳಿದರು. ದೇವರು ಕ್ಷಮಿಸಲಿ, ಆ ಹೊಗಳಿಕೆಯನ್ನೂ ಸುಮ್ಮನೆ ತೆಗೆದುಕೊಂಡೆ.

ಒಂದು ದಿನ ಕಣ್ಣು ಮುಚ್ಚಿ ಹಾಡಿನಲ್ಲಿ ನಂಜುಂಡನನ್ನು ಕರೆಯುತ್ತ ಮೈಮರೆತಿದ್ದೆ. ಕರೆಂಟ್ ಹೋಗಿ ಮೋಟರ್ ನಿಂತದ್ದೇ ತಿಳಿಯಲಿಲ್ಲ. ಕಣ್ಣು ಬಿಟ್ಟರೆ ಬಾಗಿಲಲ್ಲಿ ಅತ್ತೆ, ತಲೆಯ ಮೇಲೆ ಹುಲ್ಲಿನ ಹೊರೆ. ನಾಲೆ ಹತ್ತೇ ಹೆಜ್ಜೆ.

“ಕರೆಂಟ್ ಇಲ್ದಾಗ ಬಾಯ್ ಮುಚ್ಕೊಂಡಿರು. ಪಕ್ಕದ ಗದ್ದೆಯೋರ್ಗೆ ಕೇಳ್ತದೆ,” ಎಂದಷ್ಟೇ ಹೇಳಿ ಹೊರಟುಹೋದರು.

ಪೆಟ್ಟಿಗೆ ಉಳಿಯಿತು. ಅದಕ್ಕೇ ಸೋಮವಾರ ನಂಜನಗೂಡಿಗೆ ಹೋಗಿ ಹಣ್ಣುಕಾಯಿ ಮಾಡಿಸಿ ಬಂದೆ. ಪೆಟ್ಟಿಗೆಯನ್ನು ಮನೆಯೊಳಗೆ ತರುವ ಮಾತನ್ನು ಮಾತ್ರ ಯಾರೂ ಎತ್ತಲಿಲ್ಲ.

ಈಗ ಅತ್ತೆಗೆ ಎಂಬತ್ತು ದಾಟಿದೆ, ಕಿವಿ ಕೊಂಚ ಮಂದ, ಮಂಚ ಬಿಟ್ಟು ಏಳುವುದು ಕಷ್ಟ. ಇವತ್ತು ಮಿಕ್ಸಿ ನಿಂತದ್ದೇ ತಡ, ನಡುಮನೆಯಿಂದ ಕೂಗಿದರು.

“ಯಾಕವ್ವ ನಿಲ್ಸ್‌ಬುಟ್ಟೆ?”

“ಕರೆಂಟ್ ಹೋಯ್ತಲ್ಲ ಅತ್ತೆ.”

“ಅದ್ಕೇ ಈಗ ಪದ ಯೋಳು ಅನ್ನೋದು. ಆವಾಗ್ಲೂ ಅಷ್ಟೇ, ಗದ್ದೆ ಬದೀನ್ ಮೇಲೆ ನಾನು ದಿನಾ ಕೇಳ್ತಾ ಕುಂತ್ಕೊತಿದ್ದೆ. ಆ ಹಾಳು ಮೋಟರು ಅರ್ಧ ಪದ ನುಂಗಾಕ್ಬುಡದು.”

ದಿನಾ! ನಾನು ಸೌಟು ಹಿಡಿದುಕೊಂಡೇ ನಡುಮನೆಗೆ ಓಡಿದೆ. ಜಗಲಿಯಲ್ಲಿ ಇದನ್ನು ಕೇಳಿಸಿಕೊಂಡ ಯಜಮಾನರು ಚಪ್ಪಲಿ ಮೆಟ್ಟಿ ಗದ್ದೆಯ ಕಡೆ ಹೊರಟರು. ಅರ್ಧ ಗಂಟೆಯಲ್ಲಿ ಪೆಟ್ಟಿಗೆ ಹೊತ್ತು ಬಾಗಿಲಿಗೆ ಬಂದಾಗ ಅತ್ತೆ ಮಂಚದಿಂದಲೇ ಗದರಿದರು.

“ಉಷಾರು ಕಣ್ಲಾ, ಹೊಸ್ತಿಲಿಗೆ ತಾಗಿಸ್ಬುಟ್ಟೀಯ!”

ಅಷ್ಟರಲ್ಲಿ ಕರೆಂಟ್ ಬಂತು. ಮಿಕ್ಸಿ ಹಾಕಲು ಯಾರಿಗೂ ಮನಸ್ಸಾಗಲಿಲ್ಲ.