ಅತ್ತೆಗೆಂದು ಕಟ್ಟಿಸಿದ ತಂಪು ಕೋಣೆ

ನನಗೆ ಮೂಗಿನ ತುದಿಯಲ್ಲೇ ಕೋಪ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೂ ನನ್ನನ್ನು ಸಾಧು ಸೊಸೆ ಎಂದುಕೊಂಡು ಮೋಸಹೋಗಬಾರದು. ಸಾತನೂರಿನ ಹತ್ತಿರದ ಊರಿಗೆ ಮದುವೆಯಾಗಿ ಬಂದಾಗ ನನ್ನ ಕೋಪಕ್ಕೆ ಸರಿಜೋಡಿಯಾಗಿ ಸಿಕ್ಕವರು ನಮ್ಮತ್ತೆ. ನಾವಿಬ್ಬರೂ ಜಗಳವಾಡದ ದಿನ ನನ್ನ ಗಂಡ, "ಯಾಕೆ, ಇಬ್ರಿಗೂ ಉಸಾರಿಲ್ವಾ?" ಎಂದು ಕೇಳುವುದುಂಟು.

ಹೋದ ವರ್ಷ ಬೇಸಿಗೆಯಲ್ಲಿ ಅತ್ತೆ ನಿಜವಾಗಿಯೂ ಹುಷಾರು ತಪ್ಪಿದರು. ಮಧ್ಯಾಹ್ನ ಶೀಟು ಹೊದಿಸಿದ ತಮ್ಮ ಕೋಣೆಯಲ್ಲಿ ಮಲಗಿದ್ದವರು ನೀರು ಕುಡಿಯಲು ಎದ್ದು ಬಂದು ಅಡುಗೆಮನೆಯ ಹೊಸಿಲಲ್ಲೇ ಕುಸಿದರು. ಮೈ ಕೆಂಡವಾಗಿತ್ತು, ಮಾತು ತೊದಲುತ್ತಿತ್ತು. ಕನಕಪುರದ ಡಾಕ್ಟರು, "ಈ ಸಲ ಉಳಿದುಕೊಂಡಿದ್ದಾರೆ. ಇನ್ನೊಂದು ಸಲ ಹೀಗೆ ಕಾವು ಹೊಡೆದರೆ ಹೃದಯ ತಡೆಯೋದಿಲ್ಲ" ಎಂದರು. ನಾನು ಹೊರಗೆ ಬಂದು ಆಸ್ಪತ್ರೆಯ ನಲ್ಲಿ ತಿರುಗಿಸಿ, ಮುಖ ತೊಳೆಯುವ ನೆಪದಲ್ಲಿ ಚೆನ್ನಾಗಿ ಅತ್ತುಬಿಟ್ಟೆ. ಅವರ ಮುಂದೆ ಅಳುವುದುಂಟೇ? ಸಾಧ್ಯವೇ ಇಲ್ಲ.

ಕನಕಪುರದ ಒಂದು ಆಫೀಸಿನಲ್ಲಿ ಮನೆಗಳ ಪ್ಲಾನ್ ಬರೆಯುವುದು ನನ್ನ ಕೆಲಸ. ಊರವರ ಮನೆಗೆಲ್ಲ ಗಾಳಿ ಬೆಳಕು ಲೆಕ್ಕ ಹಾಕಿ ಕೊಡುವವಳ ಮನೆಯಲ್ಲೇ ಮುದುಕಿ ಬೇಯುತ್ತಿದ್ದಾಳಲ್ಲ ಎಂದು ನನ್ನ ಮೇಲೆ ನನಗೇ ರೇಗಿತು. ಎ.ಸಿ. ಹಾಕಿಸೋಣವೆಂದರೆ ನಮ್ಮ ಕಡೆ ಕರೆಂಟು ಸರಿಯಾಗಿ ಬಿಸಿಲು ಏರುವ ಹೊತ್ತಿಗೇ ಕೈಕೊಡುತ್ತದೆ. ಕರೆಂಟಿನ ಹಂಗೇ ಇಲ್ಲದೆ ತಣ್ಣಗಿರುವ ಕೋಣೆಯೊಂದನ್ನು ಹಿತ್ತಲಲ್ಲಿ ಕಟ್ಟಿಸಬೇಕೆಂದು ಕೂತು ನಕ್ಷೆ ಬರೆದೆ. ಇಟ್ಟಿಗೆಗಳನ್ನು ಮಲಗಿಸದೆ ಅಂಚಿನ ಮೇಲೆ ನಿಲ್ಲಿಸಿ, ಗೋಡೆಯ ಹೊಟ್ಟೆಯೊಳಗೆ ಪೊಳ್ಳು ಬಿಡುವುದು. ತಾರಸಿಗೆ ಮೋಲ್ಡ್ ಹಾಕುವಾಗ ಕಂಬಿಗಳ ನಡುವೆ ಮಣ್ಣಿನ ಕುಡಿಕೆಗಳನ್ನು ಬೋರಲು ಹಾಕಿ, ಅವುಗಳ ಮೇಲೆ ಕಾಂಕ್ರೀಟು ಸುರಿಯುವುದು. ಕುಡಿಕೆಯೊಳಗೆ ನಿಂತ ಗಾಳಿ ಬಿಸಿಲಿನ ಕಾವನ್ನು ಕೆಳಗೆ ಬಿಡುವುದಿಲ್ಲ. ಬಡಗಣ ಗೋಡೆಯ ಬುಡದಲ್ಲಿ ತಣ್ಣನೆ ಗಾಳಿಗೆ ಕಿಂಡಿ, ಸೂರಿನಡಿ ಬಿಸಿಗಾಳಿ ಹೋಗಲು ಗವಾಕ್ಷಿ.

ಆದರೆ ಅತ್ತೆಯನ್ನು ಒಪ್ಪಿಸುವುದು ಹೇಗೆ? "ನಿಮಗೋಸ್ಕರ" ಎಂದರೆ, "ನಂಗ್ಯಾಕೆ, ನಾನೇನ್ ಮಾರಾಣಿನಾ?" ಎಂದು ಎದ್ದುಹೋಗುವ ಜಾತಿ ಅವರು. ಅದಕ್ಕೇ, "ನಮ್ಮಾಫೀಸ್ಗೆ ಒಂದು ಮಾದರಿ ಬೇಕು ಕಣತ್ತೆ. ಕಟ್ಟಿ ತೋರ್ಸುದ್ರೆ ನಂಗೂ ಒಸಿ ಹೆಸ್ರು ಬತ್ತದೆ. ನೀವು ಅಲ್ಲಿ ಮಲ್ಕೊಂಡ್ರೆ ಸಾಕು" ಎಂದೆ. ಆಗ ಒಪ್ಪಿದರು.

ಮಾಗಡಿ ಕಡೆಯಿಂದ ಕುಡಿಕೆಗಳನ್ನು ತರಿಸಿ ಸಾಲಾಗಿ ಜೋಡಿಸುವಾಗ ಊರೇ ಬಂದು ನಿಂತಿತ್ತು. "ಇದೇನವ್ವ, ತಾರಸಿ ಮ್ಯಾಲೆ ಸಾರು ಕಾಯಿಸ್ತೀಯಾ?" ಎಂದು ಒಬ್ಬರು. "ಮಳೆ ಬಂದ್ರೆ ತಲೆ ಮೇಲೇ ಬೀಳ್ತವೆ" ಎಂದು ಇನ್ನೊಬ್ಬರು. ಕೋಣೆ ಮುಗಿಯುವ ಮೊದಲೇ ಅದಕ್ಕೆ ಗಡಿಗೆಮನೆ ಎಂದು ಹೆಸರಾಯಿತು. ಆಡಿಕೊಳ್ಳುವವರ ಬಾಯಿಗೆ ಬೀಗ ಹಾಕುವುದುಂಟೇ? ನಾನು ತಲೆ ಕೆಡಿಸಿಕೊಳ್ಳಲಿಲ್ಲ.

ಈ ಬೇಸಿಗೆಯ ಹೊತ್ತಿಗೆ ಕೋಣೆ ಸಿದ್ಧವಾಯಿತು. ಒಳಗೆ ಬೆಂಕಿಪೊಟ್ಟಣದಷ್ಟು ದೊಡ್ಡ ಒಂದು ಸೆನ್ಸರ್ ಅಂಟಿಸಿದೆ. ಒಳಗಿನ ಸೆಕೆ ಎಷ್ಟು, ತೇವ ಎಷ್ಟು ಎಂದು ಅದು ನನ್ನ ಮೊಬೈಲಿಗೆ ಕಳಿಸುತ್ತದೆ. ಹೊರಗೆ ರಣಬಿಸಿಲು, ಕೋಣೆಯೊಳಗೆ ಹಿತವಾದ ತಂಪು. ಆಫೀಸಿನಲ್ಲಿ ಎಲ್ಲರಿಗೂ ತೋರಿಸಿ ಬೀಗಿದ್ದೇ ಬೀಗಿದ್ದು. ಅತ್ತೆ ಈಗ ಮಲಗಿರಬಹುದು ಎಂದುಕೊಂಡು ನಾನು ನೆಮ್ಮದಿಯಾಗಿ ಊಟ ಮಾಡುತ್ತಿದ್ದೆ.

ಒಂದು ದಿನ ನೋಡುತ್ತೇನೆ, ತೇವ ವಿಪರೀತ ಏರಿದೆ. ಮಾರನೆಯ ದಿನವೂ ಹಾಗೇ. ಒಬ್ಬ ಮುದುಕಿ ಉಸಿರಾಡಿದರೆ ಇಷ್ಟು ತೇವವೇ? ಎಲ್ಲೋ ನೀರು ಚೆಲ್ಲಿದೆಯೋ, ಅತ್ತೆ ಜಾರಿಬಿದ್ದರೋ ಎಂದು ಎದೆ ಹೊಡೆದುಕೊಂಡಿತು. ಅರ್ಧ ದಿನ ರಜೆ ಹಾಕಿ ಸಾತನೂರಿನ ಬಸ್ಸು ಹತ್ತಿದೆ.

ಮನೆಗೆ ಬಂದವಳೇ ಹಿತ್ತಲಿಗೆ ಓಡಿ ಕೋಣೆಯ ಬಾಗಿಲು ತೆರೆದೆ. ಒಳಗೆ ಅತ್ತೆ ಇರಲಿಲ್ಲ. ಗೋಡೆಯುದ್ದಕ್ಕೂ ಸ್ಟ್ಯಾಂಡು, ಸ್ಟ್ಯಾಂಡಿನ ತುಂಬ ತಟ್ಟೆ, ತಟ್ಟೆಯ ತುಂಬ ನಾವು ಶೆಡ್ಡಿನಲ್ಲಿ ಸಾಕುವ ರೇಷ್ಮೆ ಹುಳ! ಹಿಪ್ಪುನೇರಳೆ ಸೊಪ್ಪಿನ ಹಸಿ ವಾಸನೆ ಗಮ್ಮೆನ್ನುತ್ತಿತ್ತು. ಅಯ್ಯೋ ಶಿವನೇ! ಬೆಳಗ್ಗೆ ಹೋಗಿ ಕತ್ತಲಲ್ಲಿ ಬರುವ ನಾನು ಹಿತ್ತಲ ಕಡೆ ಇಣುಕಿರಲಿಲ್ಲ. ಎರಡು ದಿನದಿಂದ ನನ್ನ ಮೊಬೈಲಿಗೆ ಬರುತ್ತಿದ್ದುದು ಹುಳಗಳ ಸುಖದ ಸಮಾಚಾರ.

ಅತ್ತೆ ಮುಂದಿನ ಜಗಲಿಯಲ್ಲಿ, ಅಲ್ಲಿಗೂ ಹೊದಿಸಿದ್ದ ಹಾಳು ಶೀಟಿನ ಕೆಳಗೆ, ತಲೆಗೆ ಒದ್ದೆ ಬಟ್ಟೆ ಸುತ್ತಿಕೊಂಡು ಕೂತಿದ್ದರು. ಮುಖ ಕೆಂಪಗೆ ಸುಟ್ಟಂತಿತ್ತು.

"ಯಾಕ್ ಬಂದ್ಬುಟ್ಟೆ ಇಷ್ಟೊತ್ಗೆ?" ಎಂದರು.

"ಆ ಕೋಣೇಲಿ ಹುಳ ಯಾಕತ್ತೆ ಅವೆ?"

"ಶೆಡ್ಡು ಕಾಯ್ದು ಬಾಣಲೆ ಆಗೈತೆ. ಅರ್ಧ ಅಲ್ಲೇ ಬುಟ್ಟು, ಅರ್ಧ ಇಲ್ಲಿಗೆ ತಂದೆ. ಬಾಯಿಲ್ದ ಜೀವ ಕಣವ್ವ, ಸೆಕೆ ಅಂತ ಯೋಳ್ಕೊಳಕ್ಕಾಯ್ತದಾ?"

"ನಿಮಗೆ ಬಾಯಿ ಐತಲ್ಲ! ನೀವು ಯೋಳ್ಕೊಳಕ್ಕೇನಾಗಿತ್ತು?" ಎಂದು ಕೂಗಿದೆ. ತಟ್ಟೆ ಹೊತ್ತುಕೊಟ್ಟವರು ನನ್ನ ಗಂಡನೇ. ನನ್ನ ದನಿ ಕೇಳಿ ಅವರು ಸದ್ದಿಲ್ಲದೆ ತೋಟದ ದಾರಿ ಹಿಡಿದರು.

ನಮ್ಮ ಕಡೆ ಇದು ಹಳೆಯ ರೂಢಿ. ಮನೆಯಲ್ಲಿ ಒಳ್ಳೆಯ ಜಾಗ ಯಾವುದೋ ಅದು ಹುಳಕ್ಕೆ. ಮನುಷ್ಯರಿಗೆ ಜಗಲಿಯಲ್ಲೋ ಕೊಟ್ಟಿಗೆಯ ಪಕ್ಕದಲ್ಲೋ ಹೇಗೋ ಆಗುತ್ತದೆ. ಇದು ನನಗೆ ಗೊತ್ತಿಲ್ಲದ್ದಲ್ಲ, ಆದರೆ ಸಾವಿನ ಬಾಗಿಲು ತಟ್ಟಿಬಂದ ಹೆಂಗಸೂ ಹಾಗೇ ಮಾಡುತ್ತಾಳೆಂದು ಯಾರು ಎಣಿಸುತ್ತಾರೆ?

ಆ ಕ್ಷಣವೇ ಹುಳಗಳನ್ನು ಹೊರಗೆ ಹಾಕುತ್ತೇನೆಂದು ಹೊರಟೆ. ಅತ್ತೆ ಅಡ್ಡ ನಿಂತರು. ಹುಳ ನಾಲ್ಕನೇ ಜ್ವರಕ್ಕೆ ಕೂತಿದ್ದವು. ಅಂದರೆ ಸೊಪ್ಪು ಬಿಟ್ಟು, ತಲೆ ಎತ್ತಿ ಅಲುಗಾಡದೆ ನಿಂತು, ಹಳೆಯ ಚರ್ಮ ಕಳಚುವ ಹೊತ್ತು. ಆಗ ಯಾರೂ ತಟ್ಟೆ ಅಲುಗಿಸುವುದಿಲ್ಲ. ಹೋಗಲಿ, ಹುಳದ ಜೊತೆಯಲ್ಲೇ ನೀವೂ ಕೂತುಕೊಳ್ಳಿ ಎಂದರೆ ಅದೂ ಆಗದು. ಅತ್ತೆಯ ಬಾಯಲ್ಲಿ ಸದಾ ಎಲೆ ಅಡಿಕೆ ಹೊಗೆಸೊಪ್ಪು. ಹೊಗೆಸೊಪ್ಪಿನ ಗಾಳಿ ಸೋಕಿದರೆ ಹುಳಕ್ಕೆ ವಿಷ.

"ಹಂಗಾದ್ರೆ ಹೊಗೆಸೊಪ್ಪು ಬುಡಿ."

"ಪ್ರಾಣ ಬೇಕಾದ್ರೆ ಬುಡ್ತೀನಿ" ಎಂದರು. ತಮಾಷೆಗೆ ಅಂದಿದ್ದು. ನನಗೆ ಡಾಕ್ಟರ ಮಾತು ನೆನಪಾಯಿತು.

ಹುಳ ಹಣ್ಣಾಗಿ ಗೂಡು ಕಟ್ಟುವ ಹದಕ್ಕೆ ಬರುವವರೆಗೆ ಆಫೀಸಿಗೆ ರಜೆ ಹಾಕಿದೆ. ಜಗಲಿಯ ಸುತ್ತ ಗೋಣಿತಾಟು ಕಟ್ಟಿ ನೀರು ಚಿಮುಕಿಸುತ್ತಿದ್ದೆ. ಮಜ್ಜಿಗೆ ಕುಡಿಸುತ್ತಿದ್ದೆ, ಬೀಸಣಿಗೆ ಹಿಡಿದು ಬೀಸುತ್ತಿದ್ದೆ, ಬೀಸುತ್ತಲೇ ಬೈಯುತ್ತಿದ್ದೆ. ಅತ್ತೆ ಕಣ್ಣುಮುಚ್ಚಿ ನಿದ್ದೆಹೋದರೆ ಬಗ್ಗಿ ಅವರ ಉಸಿರು ನೋಡುತ್ತಿದ್ದೆ. ಆ ಮಧ್ಯಾಹ್ನಗಳ ಹೆದರಿಕೆ ನನ್ನ ಶತ್ರುವಿಗೂ ಬೇಡ.

ಹುಳ ಹಣ್ಣಾಗಿ ಚಂದ್ರಿಕೆಯ ಬಿದಿರ ತಟ್ಟಿ ಏರಿ ಗೂಡು ಕಟ್ಟಿದವು. ಶೆಡ್ಡಿನಲ್ಲಿದ್ದ ಅರ್ಧ ಹುಳ ಬಿಸಿಲಿಗೆ ಸೊರಗಿ, ಅವು ಕಟ್ಟಿದ ಗೂಡೂ ತೆಳ್ಳಗೆ ಪೇಲವ. ಗಡಿಗೆಮನೆಯ ಗೂಡುಗಳು ಒತ್ತಿದರೂ ಬಗ್ಗದಷ್ಟು ಗಟ್ಟಿ. ಎರಡನ್ನೂ ಎರಡು ಮೊರದಲ್ಲಿ ಹಾಕಿ ಅತ್ತೆ ಜಗಲಿಯ ಮೇಲೆ ಇಟ್ಟರು. ಸುದ್ದಿ ಹಬ್ಬಿತು. ಸಾರು ಕಾಯಿಸ್ತೀಯಾ ಎಂದಿದ್ದವರೇ ಬಂದು ಗೂಡು ಹಿಡಿದು ನೋಡಿ, ಕೋಣೆಯೊಳಗೆ ಹೋಗಿ ಕತ್ತೆತ್ತಿ ಕುಡಿಕೆಗಳನ್ನು ನೋಡಿ, "ನಮ್ಗೂ ಒಂದು ಪ್ಲಾನ್ ಬರ್ಕೊಡವ್ವ" ಎಂದರು. ಅತ್ತೆ ಸೆರಗು ಸರಿಮಾಡಿಕೊಂಡು ದೊಡ್ಡ ಮನುಷ್ಯರ ಹಾಗೆ ಕೂತಿದ್ದರು.

ಎಲ್ಲರೂ ಹೋದ ಮೇಲೆ ಅವರು, "ಮುಂದ್ಲ ಬೆಳೆ ಪೂರ್ತಿ ಅಲ್ಲೇ ಇಡಾನ" ಎಂದರು. ನಾನು ಸಿಡಿದೆ.

"ನಿಮಗೇನು ಸಾಯೋಕೆ ಅವಸರಾನಾ?"

ಅತ್ತೆ ನನ್ನ ಮುಖ ನೋಡಿದರು. "ಡೈರಿ ತಾವ ನನ್ನೆದುರ್ಗೇ ಗಡಿಗೆಮನೆಯೋಳು ಅಂತ ನಿನ್ನ ಆಡ್ಕೊಂಡು ನಗೋರು ಕಣವ್ವ. ನಾನು ತಣ್ಗಿವ್ನಿ ಅಂದ್ರೆ, ಸೊಸೆ ಪರ ಮಾತಾಡ್ತಾಳೆ ಅಂತಾರೆ. ಹುಳ ಯಾರ ಪರಾನೂ ಮಾತಾಡಾಕಿಲ್ಲ. ಹೆಸ್ರು ಬರ್ಬೇಕು ಅಂದಿದ್ಯಲ್ಲ, ಈಗ ಬಂತಾ?"

ನನಗೆ ಕೋಪ, ಅಳು ಎರಡೂ ಒಟ್ಟಿಗೆ ನುಗ್ಗಿ ಬಂತು. "ನೀವು ಹೋಗ್ಬುಟ್ಟಿದ್ರೆ ಆ ಹೆಸ್ರು ತಕ್ಕೊಂಡು ನಾನೇನ್ ಮಾಡ್ಲಿ? ಆಫೀಸೂ ಇಲ್ಲ, ಮಾದರೀನೂ ಇಲ್ಲ. ನೀವು ಬದುಕ್ಲಿ ಅಂತ ಕಟ್ಸಿದ್ದು. ನೀವಿಲ್ದೆ ನಂಗಾಗಕಿಲ್ಲ ಅತ್ತೆ, ಅದಕ್ಕೆ ಕಟ್ಸಿದ್ದು!"

ಅತ್ತೆ ಬಾಯಲ್ಲಿದ್ದ ಎಲೆಯನ್ನು ಉಗಿದು ಬಂದರು. ಒಳಗಿನಿಂದ ತಮ್ಮ ಚಾಪೆ ದಿಂಬು ತೆಗೆದುಕೊಂಡು ಕಂಕುಳಲ್ಲಿ ಸಿಕ್ಕಿಸಿಕೊಂಡರು. ಹಿತ್ತಲ ಬಾಗಿಲಲ್ಲಿ ನಿಂತು ಹಿಂತಿರುಗಿ ನೋಡಿದರು. ಕಣ್ಣು ಒದ್ದೆಯಾಗಿತ್ತು, ದನಿ ಮಾತ್ರ ಎಂದಿನಂತೆ ಜೋರು.

"ಇದ್ನ ಅವತ್ತೇ ಬಾಯ್ಬುಟ್ಟು ಯೋಳಿದ್ರೆ ಅವತ್ತೇ ಒಳಕ್ಕೆ ಹೋಯ್ತಿದ್ನಲ್ಲೇ!"